ಕಪಾಟಿನ ಹಿಂದಿನ ಕಿಟಕಿ

“ಬೀಗ ಯಾರನ್ನ ಕೇಳಿ ಮುರದ್ರಿ?”

ಮುರುಮ ಊರಿನ ತನ್ನ ಮನೆಯ ನಡುವೆ ಧೀರಜ ಕೆಂಡದಂತೆ ನಿಂತಿದ್ದ. ಕಬ್ಬಿನ ಟ್ರ್ಯಾಕ್ಟರ್ ಫ್ಯಾಕ್ಟರಿಗೆ ಬಿಟ್ಟು ಈಗಷ್ಟೇ ಬಂದಿದ್ದ.

“ನಿಮ್ಮವ್ವನ್ನ ಕೇಳಿ,” ಎಂದಳು ಪ್ರಣಿತಾ, ಅಳತೆ ಟೇಪಿನಿಂದ ಕಣ್ಣೆತ್ತದೆ. ಆಕೆ ಉದಗೀರದ ಇಂಟೀರಿಯರ್ ಡಿಸೈನರ್. ಧೀರಜನ ತಾಯಿ ರಂಭಾಬಾಯಿಯೇ ಫೋನ್ ಮಾಡಿ ಕರೆಸಿದ್ದಳು.

ಹೋದ ವರ್ಷ ತಮ್ಮ ಶುಭಂ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಧೀರಜ ಅವನ ಖೋಲಿಗೆ ಬೀಗ ಹಾಕಿದ್ದ. ನಡುಮನೆಗೆ ಬೆಳಕು ಬರುತ್ತಿದ್ದುದೇ ಆ ಖೋಲಿಯಿಂದ. ಅಂದಿನಿಂದ ತಾಯಿ ಹಗಲೆಲ್ಲ ಕತ್ತಲಲ್ಲಿ ಕೂರುತ್ತಿದ್ದಳು. ರೊಟ್ಟಿ ಮುಟ್ಟುತ್ತಿರಲಿಲ್ಲ.

“ಬಣ್ಣಾ ಬಳದ್ರ ದುಃಖ ಹೋಗ್ತದೇನ್ರೀ?”

“ಹೋಗಂಗಿಲ್ಲ. ಆದ್ರ ಅಳ್ಲಿಕ್ಕೂ ಗಾಳಿ-ಬೆಳಕಿನ ಜಾಗಾ ಬೇಕು. ನೀವು ನಿಮ್ಮವ್ವಗ ಅದೂ ಇಡಲಿಲ್ಲ.”

ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಆಕೆಯ ಹುಬ್ಬಿನ ಮೇಲೆ ಸುಣ್ಣದ ಪುಡಿ ಕೂತಿತ್ತು. ಅದು ಕಣ್ಣಿಗೆ ಬಿದ್ದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಆಮೇಲೆ ದಿನವೂ ಜಗಳ. ಅವನು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ. “ಬೆಳಕ ಬಿಡ್ರಿ!” ಎಂದು ಆಕೆ ಗದರುತ್ತಿದ್ದಳು. ಅವನು ಸರಿಯುವಾಗ ಕಣ್ಣಿಗೆ ಕಣ್ಣು ತಾಕಿ, ಇಬ್ಬರೂ ತಟ್ಟನೆ ಮುಖ ತಿರುಗಿಸುತ್ತಿದ್ದರು.

ಪಲಂಗದ ಪಕ್ಕದ ಗೋಡೆಗೆ ಪೇಂಟರ್ ಬ್ರಶ್ ಎತ್ತಿದ ದಿನ ಧೀರಜ ಅಂಗೈ ಅಡ್ಡ ಇಟ್ಟ. ಶುಭಂ ತಲೆಯಾನಿಸಿ ಕೂತು ಕೂತು ಆದ ಎಣ್ಣೆ ಕಲೆ ಅಲ್ಲಿತ್ತು.

“ಇದೊಂದು ಬ್ಯಾಡ...” ದನಿ ಒಡೆಯಿತು.

ಪ್ರಣಿತಾ ವಾದಿಸಲಿಲ್ಲ. “ಈ ಗ್ವಾಡಿ ಹಿಂಗೇ ಇರ್ಲಿ,” ಎಂದು ಪೇಂಟರನನ್ನು ಕಳಿಸಿದಳು. ರಂಭಾಬಾಯಿ ಬಂದು ಆ ಕಲೆಗೆ ಕೆನ್ನೆ ಹಚ್ಚಿ ಗೋಳೋ ಎಂದು ಅತ್ತಳು. ಎಷ್ಟೋ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು, “ಹಸಿವಾಗ್ಯಾದ,” ಅಂದಳು.

ಅಂಗಳದಲ್ಲಿ ಧೀರಜ ಪ್ರಣಿತಾಳನ್ನು ತಡೆದ. “ನನಗೂ ಅಳು ತರಿಸಿದ್ರಿ. ನಾ ಮಾಫ್ ಮಾಡಂಗಿಲ್ಲ.”

“ಬ್ಯಾಡ ಬಿಡ್ರಿ,” ಎಂದು ಆಕೆ ನಡೆದೇಬಿಟ್ಟಳು.

ಕೆಲಸ ಮುಗಿಯಿತು, ಮನೆ ಬೆಳಗಿತು. ಅವನಿಗೆ ಮಾತ್ರ ಜಗಳವಿಲ್ಲದೆ ಎಲ್ಲ ಬಿಕೋ ಎನಿಸಿತು. ಬಾಗಿಲು ಕಿರುಗುಟ್ಟುತ್ತದೆಂಬ ನೆಪ ಹಿಡಿದು ಉದಗೀರಕ್ಕೆ ಹೋದ.

ಆಕೆಯ ಮನೆಯಲ್ಲಿ ನಡುಹಗಲೇ ಲೈಟು ಉರಿಯುತ್ತಿತ್ತು. ಇದ್ದೊಂದು ಕಿಟಕಿಗೆ ಕಪಾಟು ಅಡ್ಡ ಇತ್ತು.

“ಮಂದಿಗೆ ಬೆಳಕಿನ ಪಾಠಾ ಹೇಳ್ತೀರಿ. ಇದೇನ್ರಿ?”

“ಈ ಮನಿ ನಮ್ಮಪ್ಪಂದು. ಎದುರಿಂದು ನನ್ನ ಗಂಡ ಆಗಿದ್ದಂವಂದು. ಸೋಡಚಿಠ್ಠಿ ಆಗಿ ಸಂಬಂಧ ಹರೀತು, ಅವರ ಮಾರಿ ನೋಡೂದು ಬಿಟ್ಟೆ. ತಿಳೀತಾ? ಈಗ ಹೋಗ್ರಿ.”

“ಕಪಾಟ ಸರಸ್ಲಾ?”

“ಮುಟ್ಟಿದ್ರ ಕೈ ಮುರೀತೀನಿ.”

ಅವನು ಮುಟ್ಟಲಿಲ್ಲ. ಹೋಗಲೂ ಇಲ್ಲ. ಆಕೆ ಅವನನ್ನು ದುರುಗುಟ್ಟಿ ನೋಡಿದಳು, ಆಮೇಲೆ ಕಪಾಟನ್ನು.

“ನಿಂತ ನೋಡ್ತೀರೇನು? ಆ ಕಡಿ ಹಿಡೀರಿ!”

ಕಪಾಟು ಸರಿಯಿತು. ಎದುರಿನ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಆಕೆಯ ಹಿಂದಿನ ಅತ್ತೆ ಕೈಯಲ್ಲಿನ ಸೀರೆ ಮರೆತು ದಿಟ್ಟಿಸಿದಳು. ಪ್ರಣಿತಾ ಕಿಟಕಿಯ ಸರಳು ಹಿಡಿದು ನಿಂತಳು. ಹಿಂದೆ ಸರಿಯಲಿಲ್ಲ.

“ನಾಳಿಗಿ ಗಲ್ಲಿ ತುಂಬ ನಮ್ಮಿಬ್ಬರದೇ ಮಾತು,” ಅಂದಳು. “ಹೆದರಿಕಿ ಬಂದ್ರ ಒಳಗ ಸರೀರಿ.”

ಧೀರಜ ಇನ್ನೂ ಹತ್ತಿರ ಬಂದು ನಿಂತ. “ಆಡ್ಕೊಳ್ಳಿ ಬಿಡ್ರಿ. ಖರೇನೇ ಆಡ್ತಾರ. ನಿಮ್ಮ ಮ್ಯಾಲ ಜೀವ ಅದ ನಂದು.”

ಪ್ರಣಿತಾ ಸಿಟ್ಟಿನಿಂದಲೇ ತಿರುಗಿದಳು. ಕಣ್ಣು ತುಂಬಿದ್ದವು.

“ಇಷ್ಟ ದಿನಾ ಹೇಳ್ಲಿಕ್ಕ ಏನ್ ಧಾಡಿ ಆಗಿತ್ತು ನಿನಗ?”