ಸೇವ್ ಮಾಡದ ಅರ್ಜಿ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು ಯಾರ ಮೇಲೂ ದೂರು ಹೇಳಲಿಲ್ಲ. ತನ್ನ ಮೇಲೆಯೇ ತನಿಖೆ ಮಾಡಿ ಎಂದಳು.

ಆಕೆ ನ್ಯಾಯಾಲಯದ ಎದುರಿನ ಓಣಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅರ್ಜಿ ಟೈಪ್ ಮಾಡಿಕೊಡುತ್ತಿದ್ದವಳು. ಹಿಂದಿನ ವಾರ ಒಬ್ಬ ಶಾಲಾ ಶಿಕ್ಷಕಿ ಆಕೆಯ ಬಳಿ ವಿಚ್ಛೇದನದ ಅರ್ಜಿ ಮಾಡಿಸಿದ್ದಳು. ಗಂಡನಿಗೆ ತಿಳಿಯದಂತೆ ಹಿಡಿದ ಹೊಸ ಮನೆಯ ವಿಳಾಸ ಅದರಲ್ಲಿತ್ತು. ಅರ್ಜಿ ಕೋರ್ಟಿಗೆ ಸಲ್ಲುವ ಮೊದಲೇ, ಶನಿವಾರ, ಗಂಡ ಆ ಮನೆಯ ಬಾಗಿಲಿಗೆ ಬಂದು ಅರ್ಜಿಯ ಸಾಲುಗಳನ್ನು ಒಂದೊಂದಾಗಿ ಹೇಳಿ, ಬಾಗಿಲು ಒದ್ದಿದ್ದ. ನೆರೆಯವರು ಸೇರಿದ ಮೇಲಷ್ಟೇ ಜಾಗ ಖಾಲಿ ಮಾಡಿದ್ದ. ನಿನಗೆ ಹೇಳಿದವರು ಯಾರು ಎಂದು ಶಿಕ್ಷಕಿ ಒಳಗಿನಿಂದ ಕೇಳಿದ್ದಕ್ಕೆ, ನಿನ್ನ ಟೈಪಿಸ್ಟೇ ಎಂದಿದ್ದ.

ಆ ಮಾತು ಓಣಿಗೆಲ್ಲ ಹಬ್ಬಿತು. ವಕೀಲರು ಅಂಗಡಿಯ ಕಡೆ ಕತ್ತು ತಿರುಗಿಸದೆ ಮುಂದೆ ಹೋಗತೊಡಗಿದರು.

"ನಾನು ಬಾಯಿ ಬಿಟ್ಟಿದ್ರೆ ನನ್ನನ್ನೇ ಒಳಗೆ ಹಾಕಿ ಸಾರ್," ಎಂದಳು ಟೈಪಿಸ್ಟ್. "ಇಲ್ಲಾಂದ್ರೆ ಯಾರು ಅಂತ ಹುಡುಕಿ."

ಇನ್‌ಸ್ಪೆಕ್ಟರ್ ಶಿಕ್ಷಕಿಯನ್ನೂ ಕರೆಸಿ ಹೇಳಿಕೆ ಪಡೆದು, ಹನ್ನೊಂದೂವರೆಗೆ ಎಫ್‌ಐಆರ್ ದಾಖಲಿಸಿದರು. ಶಿಕ್ಷಕಿ ಟೈಪಿಸ್ಟಳ ಮುಖ ನೋಡಲಿಲ್ಲ.

ಕಂಪ್ಯೂಟರನ್ನು ಬೇರೆ ಯಾರು ಮುಟ್ಟಿದ್ದರು ಎಂದು ಇನ್‌ಸ್ಪೆಕ್ಟರ್ ಕೇಳಿದಾಗ ಟೈಪಿಸ್ಟ್ ಮೊದಲು ಯಾರೂ ಇಲ್ಲ ಎಂದಳು. ಆಮೇಲೆ ನೆನಪಾಯಿತು. ನಾಲ್ಕನೇ ತಾರೀಕು, ಶಿಕ್ಷಕಿ ಮೊದಲ ಸಲ ವಿಚಾರಿಸಲು ಬಂದುಹೋದ ಮರುದಿನ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಒಬ್ಬ ಬಂದಿದ್ದ. ಹಳೆಯ ಆಪರೇಟಿಂಗ್ ಸಿಸ್ಟಂನ ಅವಧಿ ಮುಗಿದಿದೆ, ಹೊಸದು ಹಾಕದಿದ್ದರೆ ಎಲ್ಲ ಕಳ್ಳರ ಪಾಲಾಗುತ್ತದೆ ಎಂದು ಹೆದರಿಸಿ, ಒಂದು ಗಂಟೆ ಕೂತು ಹಾಕಿಕೊಟ್ಟಿದ್ದ. ಆಕೆ ಚಹಾ ಕೂಡ ತರಿಸಿಕೊಟ್ಟಿದ್ದಳು.

ಠಾಣೆಯ ಮಹಿಳಾ ಕಾನ್‌ಸ್ಟೇಬಲ್‌ಗೆ ಸಹೋದ್ಯೋಗಿಗಳು ಇಟ್ಟ ಹೆಸರು ಭೂತಗನ್ನಡಿ. ಅವಳು ಅಂಗಡಿಯ ಕಂಪ್ಯೂಟರಿನ ಮುಂದೆ ನಲವತ್ತು ನಿಮಿಷ ಕೂತಳು. ಅದರಲ್ಲಿ ಟೈಪಿಸ್ಟಳದಲ್ಲದ ಇನ್ನೊಂದು ಖಾತೆಯಿತ್ತು. ತೆರೆದದ್ದು ನಾಲ್ಕನೇ ತಾರೀಕು, ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ. ಪರದೆಯ ಮೇಲೆ ಕಂಡದ್ದನ್ನು ಕೆಲವು ಸೆಕೆಂಡಿಗೊಮ್ಮೆ ಕಂಪ್ಯೂಟರೇ ಚಿತ್ರ ತೆಗೆದಿಡುವ ಸೌಲಭ್ಯವನ್ನೂ ಯಾರೋ ಚಾಲೂ ಮಾಡಿದ್ದರು. ಮರೆತದ್ದನ್ನು ಮಾಲೀಕರು ಹುಡುಕಿಕೊಳ್ಳಲೆಂದು ಇಟ್ಟ ಸೌಲಭ್ಯ ಅದು. ಇಲ್ಲಿ ಆ ಚಿತ್ರಗಳೆಲ್ಲ ಯಾವುದೋ ಸುಳ್ಳು ಹೆಸರಿನ ವಿಳಾಸಕ್ಕೆ ಹೋಗುತ್ತಿದ್ದವು.

"ಅಕ್ಕಾ, ನೀವು ಡಿಲೀಟ್ ಮಾಡಿದ್ರೂ ಅಷ್ಟೇ, ಪಾಸ್‌ವರ್ಡ್ ಹಾಕಿದ್ರೂ ಅಷ್ಟೇ. ಕಣ್ಣಿಗೆ ಕಂಡಿದ್ದೆಲ್ಲ ಅವನಿಗೂ ಕಾಣುತ್ತೆ," ಎಂದಳು ಭೂತಗನ್ನಡಿ.

ಟೈಪಿಸ್ಟ್ ಬಿಸಿ ಪಾತ್ರೆ ಮುಟ್ಟಿದವಳಂತೆ ಕೀಬೋರ್ಡಿನಿಂದ ಕೈ ಹಿಂದೆಗೆದಳು.

ಶಿಕ್ಷಕಿ ಕೊಟ್ಟಿದ್ದ ಗಂಡನ ಫೋಟೊವನ್ನು ಇನ್‌ಸ್ಪೆಕ್ಟರ್ ಮುಂದಿಟ್ಟರು. ಟೈಪಿಸ್ಟ್ ಕನ್ನಡಕ ಸರಿಪಡಿಸಿಕೊಂಡು, ಇವನೇ ಎಂದಳು. ಅವನು ಒಂದು ಕಚೇರಿಯಲ್ಲಿ ಕಂಪ್ಯೂಟರ್ ರಿಪೇರಿಯ ಕೆಲಸದಲ್ಲಿದ್ದ. ಆದರೆ ರಿಪೇರಿಗೆ ಹೋಗಿದ್ದು ಅಪರಾಧವೇ ಎಂದು ಅವನು ಕೇಳಿದರೆ ಉತ್ತರ ಬೇಕು. ಚಿತ್ರಗಳನ್ನು ನೋಡುತ್ತಿದ್ದವನು ಅವನೇ ಎಂಬುದಕ್ಕೆ ಸಾಕ್ಷಿ ಬೇಕು. ಕಂಪ್ಯೂಟರನ್ನು ಇದ್ದಂತೆಯೇ ಇರಲು ಬಿಟ್ಟರು.

ಬುಧವಾರ ಹನ್ನೊಂದು ಗಂಟೆಗೆ, ಇಬ್ಬರು ಪಂಚರ ಎದುರು, ಇನ್‌ಸ್ಪೆಕ್ಟರ್ ಒಂದು ಚೀಟಿ ಬರೆದು ಟೈಪಿಸ್ಟಳಿಗೆ ಕೊಟ್ಟರು. ಗುರುವಾರ ಮಧ್ಯಾಹ್ನ ಮೂರಕ್ಕೆ ಗ್ರಂಥಾಲಯದ ಎರಡನೇ ಮಹಡಿಯಲ್ಲಿ ಶಿಕ್ಷಕಿ ತನ್ನ ಸಾಕ್ಷಿದಾರನನ್ನು ಕಾಣುತ್ತಾಳೆ ಎಂಬ ಸುಳ್ಳು ಒಕ್ಕಣೆ ಅದರಲ್ಲಿತ್ತು. ಬಾಯಲ್ಲಿ ಯಾರೂ ಹೇಳುವಂತಿಲ್ಲ, ಪ್ರಿಂಟ್ ತೆಗೆಯುವಂತಿಲ್ಲ, ಸೇವ್ ಮಾಡುವಂತಿಲ್ಲ. ಎರಡು ನಿಮಿಷ ಪರದೆಯ ಮೇಲಿಟ್ಟು ಮುಚ್ಚಬೇಕು.

ಆಕೆ ಚೀಟಿ ನೋಡಿಕೊಂಡು ಟೈಪ್ ಮಾಡಿದಳು. ಮೂರು ಕಡೆ ಅಕ್ಷರ ತಪ್ಪಿತು.

"ಪರವಾಗಿಲ್ಲ ಅಕ್ಕಾ," ಎಂದಳು ಭೂತಗನ್ನಡಿ. "ಅವನೇನು ಅಂಕ ಹಾಕಲ್ಲ."

ತಪ್ಪುಗಳನ್ನು ತಿದ್ದದೆ ಪಂಚನಾಮೆಯಲ್ಲಿ ಹಾಗೆಯೇ ನಮೂದಿಸಿ, ಚೀಟಿಯನ್ನು ಲಕೋಟೆಗೆ ಹಾಕಿ ಅರಗು ಒತ್ತಿದರು.

ಗುರುವಾರ ಎರಡು ಗಂಟೆ ಐವತ್ತೆರಡು ನಿಮಿಷಕ್ಕೆ ಫೋಟೊದಲ್ಲಿದ್ದವನೇ ಗ್ರಂಥಾಲಯದ ಮೆಟ್ಟಿಲು ಹತ್ತಿ ಬಂದು ಕಪಾಟೊಂದರ ಹಿಂದೆ ನಿಂತ. ಇನ್‌ಸ್ಪೆಕ್ಟರ್ ಅವನ ಪಕ್ಕಕ್ಕೆ ಹೋದರು.

"ಯಾವ ಪುಸ್ತಕ ಬೇಕಿತ್ತು?"

"ಸುಮ್ನೆ ನೋಡೋಕೆ ಬಂದೆ."

"ಬಣ್ಣ ಬಳಿಯೋಕೆ ಅಂತ ಈ ಮಹಡಿ ಖಾಲಿ ಮಾಡಿ ತಿಂಗಳಾಯ್ತು. ಏನು ನೋಡ್ತೀರಿ?"

ಅವನು ಸುತ್ತ ನೋಡಿದ. ಕಪಾಟುಗಳಲ್ಲಿ ಒಂದು ಹಾಳೆಯೂ ಇರಲಿಲ್ಲ. ಮೆಟ್ಟಿಲಿಗೆ ಅಡ್ಡವಾಗಿ ಭೂತಗನ್ನಡಿ ನಿಂತಿದ್ದಳು. ಅವನ ಫೋನಿನಲ್ಲಿ ಬುಧವಾರದ ಪುಟದ ಚಿತ್ರ ಸಿಕ್ಕಿತು. ಪಂಚರ ಎದುರು ಅವಳು ಬೆರಳಿಟ್ಟು ತೋರಿಸಿದಳು: ಮೂರು ತಪ್ಪುಗಳೂ ಅದೇ ಮೂರು ಜಾಗದಲ್ಲಿ ಇದ್ದವು. ಮೂರು ಗಂಟೆ ಐದು ನಿಮಿಷಕ್ಕೆ ಅವನನ್ನು ಬಂಧಿಸಲಾಯಿತು.

ನಾಲ್ಕೂವರೆಗೆ, ಕೋರ್ಟು ಬಿಡುವ ಹೊತ್ತಿಗೆ, ಶಿಕ್ಷಕಿ ಓಣಿಯ ನಡುವೆ ಎಲ್ಲರೂ ನೋಡುವಂತೆ ನಡೆದು ಟೈಪಿಸ್ಟಳ ಅಂಗಡಿಗೆ ಬಂದಳು.

"ತಪ್ಪಾಯ್ತು ಅಕ್ಕಾ. ನನ್ನ ಅರ್ಜಿ ಮತ್ತೆ ನೀವೇ ಮಾಡ್ಕೊಡ್ಬೇಕು."

ಟೈಪಿಸ್ಟ್ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಕಂಪ್ಯೂಟರ್ ಜಪ್ತಿಯಾಗಿತ್ತು. ಹಿರಿಯ ವಕೀಲರೊಬ್ಬರು ತಮ್ಮದನ್ನೇ ಹೊತ್ತು ತರಿಸಿದರು. ಭೂತಗನ್ನಡಿ ಅದರ ಒಂದೊಂದು ಸೆಟ್ಟಿಂಗನ್ನೂ ತೆರೆದು, ಬೇಡದ್ದನ್ನೆಲ್ಲ ಬಂದ್ ಮಾಡಿ, ಹೇಗೆಂದು ಟೈಪಿಸ್ಟಳ ಕೈಯಲ್ಲೇ ಮಾಡಿಸಿದಳು. ಕತ್ತಲಾಗುವ ಮೊದಲು ಬೆಂಚಿನ ಮೇಲೆ ಕೂರಲು ಜಾಗ ಉಳಿಯಲಿಲ್ಲ. ಟೈಪಿಸ್ಟಳ ಒಂದು ಅಕ್ಷರವೂ ತಪ್ಪಲಿಲ್ಲ.

ಠಾಣೆಯಲ್ಲಿ ಐದೂ ನಲವತ್ತಕ್ಕೆ ಗಂಡನ ಹೇಳಿಕೆ ಆರಂಭವಾಯಿತು. ಹೆಂಡತಿ ಆ ಅಂಗಡಿ ಹೊಕ್ಕಿದ್ದನ್ನು ಕಂಡು ಮರುದಿನವೇ ಅಲ್ಲಿಗೆ ಹೋಗಿದ್ದ. ಅವನ ಬಳಿ ನಲವತ್ತು ಜನರ ಅರ್ಜಿಗಳ ಚಿತ್ರಗಳಿದ್ದವು. ತೆರೆದು ನೋಡಿದ್ದು ಹೆಂಡತಿಯದನ್ನು ಮಾತ್ರ. ನನ್ನ ಬಗ್ಗೆ ಅವಳು ಏನು ಬರೆಸಿದ್ದಾಳೆಂದು ತಿಳಿಯಬೇಕಿತ್ತು ಎಂದ.

"ಮನೇಲಿದ್ದಾಗ ಅವಳು ಹೇಳಿರಲಿಲ್ವಾ?" ಇನ್‌ಸ್ಪೆಕ್ಟರ್ ಕೇಳಿದರು.



"ಹೇಳ್ತಾನೇ ಇದ್ದಳು. ನಾನು ಕೇಳಿಸ್ಕೊಳ್ಳಲಿಲ್ಲ."

ಇನ್‌ಸ್ಪೆಕ್ಟರ್ ಅದನ್ನು ಅವನ ಮಾತಿನಲ್ಲಿಯೇ ಬರೆಸಿದರು.