ಆರರಾಗ ಒಂದು ಹಿಡಿಕಿ

"ಒಂದು ಹಿಡಿಕಿ ಕಳದೈತಿ," ಅಂದ ಶೈಲೇಶ, ಟೆಂಪೋದಿಂದ ಡ್ರೆಸಿಂಗ್ ಟೇಬಲ್ ಇಳಿಸಿಕೊಂಡು. "ಉಳದವು ನೋಡಿ ಹಂಗ ಒಂದು ಮಾಡಿ ಕೊಡು."

ನಂದಾ ಲೇಥ್ ಬಂದ್ ಮಾಡಿ, ಓಢಣಿಗೆ ಹತ್ತಿದ ಕಟಿಗಿ ಪುಡಿ ಜಾಡಿಸಿಕೊಂಡು ಬಂದ್ಲು. ಹಿಡಿಕಿ ಹೋದ ತೂತಿನಾಗ ಬೆರಳಿಟ್ಟು ನೋಡಿದ್ಲು. ಧೂಳಿಲ್ಲ, ಮಣ್ಣಿಲ್ಲ. ಹಿಡಿಕಿ ಕೂತ ಜಾಗಾ ಇನ್ನೂ ಹೊಳೀತಿತ್ತು. ನಿನ್ನೆನೋ ಮೊನ್ನೆನೋ ಬಿಚ್ಚಿದ್ದು ಇದು.

"ಯಾವಾಗ ಕಳೀತ್ರಿ ಶೇಟ್ರ?"

"ಯಾರಿಗೆ ಗೊತ್ತ? ಅರವತ್ತು ವರ್ಷದ ಮಾಲು." ಹಂಗಂದು ಅಂವ ಕಣ್ಣು ತಪ್ಪಿಸಿ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿದ. ಕಿವಿ ಕೆಂಪಗಾಗಿದ್ವು.

ಅಯ್ಯ ಶಿವನ, ಅಷ್ಟು ಸಾಕಾತು ನೋಡ್ರಿ ಹುಡುಗಿಗೆ!

ನಂದಾನ ಅಪ್ಪ ನಿಂಗಣ್ಣಂದು ಸೋಲಾಪುರದಾಗ ಹಳೇ ಫರ್ನಿಚರ್ ರಿಪೇರಿ ಅಂಗಡಿ. ಅಪ್ಪನ ಕಣ್ಣು ಮಂಜಾದ ಮ್ಯಾಲ ಲೇಥ್ ಮಗಳ ಕೈಗೆ ಬಂದಿತ್ತು. ಕಳದ ಹಿಡಿಕಿ, ಮುರದ ಕಾಲು, ಇದ್ದದ್ದು ನೋಡಿ ಇಲ್ಲದ್ದು ಮಾಡೂದು ಆಕಿ ಕೆಲಸ. ಶೈಲೇಶಂದು ಪ್ಯಾಟ್ಯಾಗ ದೊಡ್ಡ ಶೋರೂಮು. ಹಳೇ ಬಂಗಲೆದಾಗಿನ ಸಾಗವಾನಿ ಸಾಮಾನು ತಂದು ಪುಣೇದವರಿಗೆ ಮಾರತಿದ್ದ.

ಮುಂದ ಬರೇ ಇದ ಆತು. ಬರಿಯೂ ಟೇಬಲ್ ಬಂತು, ಒಂದು ಹಿಡಿಕಿ ಇಲ್ಲ. ಸಣ್ಣ ಕಪಾಟು ಬಂತು, ಒಂದು ಹಿಡಿಕಿ ಇಲ್ಲ. ಎಲ್ಲಾ ಒಂದ ನಮೂನಿ: ಬೀಟಿ ಕಟಿಗಿ, ನಡುವ ಹಿತ್ತಾಳಿ ಚುಕ್ಕಿ. ಆ ಕಾಲದಾಗ ಊರಾಗಿನ ಒಬ್ಬ ಬಡಿಗ್ಯಾ ತಾ ಮಾಡಿದ ಎಲ್ಲಾ ಸಾಮಾನಿಗೂ ಅದ ಹಿಡಿಕಿ ಹಚ್ಚತಿದ್ದನಂತ. ಮತ್ತ ಪ್ರತಿ ತೂತೂ ಹೊಸದಾಗಿ ಬಿಚ್ಚಿದ್ದು.

ತಾನ ಬಿಚ್ಚಿ ಕಿಸೆದಾಗ ಇಟ್ಕೊಂಡು, ನನ್ನ ನೋಡಾಕ ನೆಪ ಮಾಡ್ಕೊಂಡು ಬರತಾನ. ನಂದಾ ಹಂಗ ತಿಳಕೊಂಡ್ಲು. ಬ್ಯಾರೆ ಯಾರರ ಆಗಿದ್ರ ತೂತು ನೋಡತಿದ್ದಿಲ್ಲ, ಮಳ್ಳೂ ಆಗತಿದ್ದಿಲ್ಲ. ಈಕಿ ಕೆಲಸ ಬಲ್ಲಾಕಿ, ಅದಕ್ಕ ಕೆಟ್ಲು.

ಗಿರಾಕಿಗೆಲ್ಲ "ಅಣ್ಣಾ" ಅನ್ನಾಕಿ ಅವಂಗ ಮಾತ್ರ ಅನ್ನಲಿಲ್ಲ. ಹೊಸ ಹಿಡಿಕಿಗೆ ಚಾದ ಕಷಾಯ ಬಳದು ಹಳೇ ಬಣ್ಣ ತರೂ ಮೊದಲು, ಹಿಂದಿನ ಮಗ್ಗಲಿಗೆ, ಯಾರಿಗೂ ಕಾಣದಲ್ಲಿ, ಉಳಿ ತುದಿಲೆ ಸಣ್ಣ ಬಿದಿಗಿ ಚಂದ್ರಾಮನ ಕೆತ್ತತಿದ್ಲು. ಕೆತ್ತುವಾಗ ಒಬ್ಬಾಕಿನ ನಗತಿದ್ಲು.

ಐದನೇ ಹಿಡಿಕಿ ಕೊಟ್ಟ ದಿನ ತಡಕೊಳ್ಳದ ಕೇಳೇಬಿಟ್ಲು. "ನಿಮ್ಮ ಗೋಡೌನಿನಾಗ ಇಲಿ ಹಿಡಿಕಿ ತಿಂತಾವೇನ್ರಿ?"

"ಒಂದ ಇಲಿ ಐತಿ. ಭಾಳ ದೊಡ್ಡದು."

"ಶರ್ಟ್ ಇಸ್ತ್ರಿ ಮಾಡಿ ಹಾಕ್ಕೊಂತೈತೇನು?"

ಅಂವ ಚಾದ ಕಪ್ಪು ಕೆಳಗಿಟ್ಟ. "ಗೊತ್ತಾಗೇತೇನು ನಿನಗ?"

"ಮೊದಲನೇ ದಿನಾನ."

"ಗೊತ್ತಿದ್ದೂ ಸುಮ್ಮನಿದ್ದಿ?"

"ನೀವ ಹೇಳಲಿ ಅಂತ." ಆಕಿ ತಲಿ ತಗ್ಗಿಸಿದ್ಲು, ಮತ್ತ ಕಣ್ಣಂಚಿನಾಗ ನೋಡಿದ್ಲು.

ಅಂವ ಏನೋ ಹೇಳಾಕ ಬಾಯಿ ತಗದ, ತಡದ, ನಕ್ಕ. "ಇನ್ನೊಂದು ಉಳದೈತಿ ನಂದಾ. ಅದು ಮುಗೀಲಿ, ಯಾಕ ಬಿಚ್ಚಿದ್ನಿ ಅಂತ ಕಣ್ಣಿಗೇ ತೋರಸತೀನಿ. ಅಲ್ಲೀತನ ಯಾರ ಮುಂದೂ ಆಡಬ್ಯಾಡ, ಹಾಂ?"

ಯಾರ ಮುಂದ ಆಡತಾಳ? ಅವತ್ತು ಸಂಜಿಗೆ ಮಂದ್ರೂಪದಿಂದ ಕಾಂತೇಶನ ಮನಿಯವರು ಬಂದಿದ್ರು, ಲಗ್ನಕ್ಕ ಹೂಂ ಅನಸ್ಕೊಂಡು ಹೋಗಾಕ. ಕಬ್ಬಿನ ಹೊಲ, ಸುಸಂಸ್ಕೃತ ಮಂದಿ. ಹುಡುಗ, "ಲಗ್ನ ಆದ ಮ್ಯಾಲೂ ಲೇಥ್ ನಡಸಲಿ, ನಂದೇನ ತಕರಾರಿಲ್ಲ," ಅಂದಿದ್ದ. ಅಂಥಾ ಮಾತು ಯಾವ ಗಂಡು ಅಂತಾನ ಹೇಳ್ರಿ? ನಂದಾ ಒಲ್ಲೆ ಅಂದ್ಲು.

"ಮನಿಗೆ ಬಂದ ಲಕ್ಷ್ಮೀನ ಕಾಲಿಲೆ ಒದ್ದಿ," ಅಂತ ಅವ್ವ ಇಂದುಬಾಯಿ ಹಣಿ ಬಡಕೊಂಡ್ಲು. "ಯಾರನ್ನ ಕಾಯಾಕತ್ತೀ ಖೋಡಿ?"

ನಂದಾ ಚಾದ ಕಪ್ಪು ಎತ್ಕೊಂಡು ಒಳಗ ಹೋದ್ಲು. ಕಾಂತೇಶನ ಲಗ್ನ ಬ್ಯಾರೆ ಕಡೆ ಗಟ್ಟಿ ಆತು.

ಆರನೇ ಹಿಡಿಕಿ ತಯಾರಾದ ದಿನ ಶೈಲೇಶ ಫೋನ್ ಮಾಡಿದ. "ಐತವಾರ ಅಕ್ಕಲಕೋಟಿಗೆ ಬಾ. ನಮ್ಮ ಮಂದಿ ಅದಾರ, ನಿನ್ನ ನೋಡಬೇಕಂತಾರ. ಬರುವಾಗ ಹತ್ಯಾರದ ಚೀಲ ತೊಗೊಂಡು ಬಾ."

ಕಡೀ ಮಾತು ಯಾಕ ಅಂತ ಆಕಿ ವಿಚಾರ ಮಾಡಲಿಲ್ಲ. ಅವ್ವನ ಹಸರು ಇಳಕಲ್ ಸೀರಿ ಉಟ್ಕೊಂಡು, ಮಲ್ಲಿಗಿ ಮುಡ್ಕೊಂಡು ಬಸ್ ಹತ್ತಿದ್ಲು. ಚೀಲದಾಗ ಹತ್ಯಾರ, ಅಂಟಿನ ಡಬ್ಬಿ, ಮತ್ತ ಅವಂಗ ಕೊಡಾಕ ತಾ ಮಾಡಿದ ಆರನೇ ಹಿಡಿಕಿ.

ಬಾಗಲದಾಗ ಒಬ್ಬಾಕಿ ಹುಡುಗಿ ಓಡಿ ಬಂದು ಕೈ ಹಿಡಕೊಂಡ್ಲು. "ಬರ್ರಿ ಅಕ್ಕಾರ, ಇದ ನಮ್ಮನಿ! ನಾ ಶೀತಲ. ಇವ್ರ ಬಾಯಾಗ ಯಾವಾಗಲೂ ನಿಮ್ಮ ಹೆಸರ." ಬೆರಳಿನಾಗ ನಿಶ್ಚಯದ ಉಂಗುರ ಹೊಳೀತಿತ್ತು.

ಒಳಗ ಹಳೇ ಕಪಾಟು. ಆರು ಡ್ರಾವರು, ಐದು ಹಿಡಿಕಿ. ಬೀಟಿ ಕಟಿಗಿ, ಹಿತ್ತಾಳಿ ಚುಕ್ಕಿ.

"ನಮ್ಮ ಆಯಿದ್ರಿ ಇದು, ನಮ್ಮಪ್ಪನ ಅವ್ವಂದು. ಆಕಿ ಹೋದ ಮ್ಯಾಲ ಯಾರೋ ಹಿಡಿಕಿ ಎಲ್ಲಾ ಕಿತ್ಕೊಂಡು ಹೋಗಿದ್ರು. ನಕಲಿ ಹಚ್ಚಿದ್ರ ಗಂಡನ ಮನಿಗೆ ಒಯ್ಯಂಗಿಲ್ಲ ಅಂತ ನಾ ಹಟಾ ಹಿಡದ್ನಿ. ಪಾಪ, ಇವ್ರು ಒಂದೊಂದು ಸಾಮಾನಿಂದ ಒಂದೊಂದು ಅಸಲಿ ಬಿಚ್ಚಿ ತಂದ್ರು ನೋಡ್ರಿ. ಕಿತಿ ಪ್ರೇಮ, ಎಷ್ಟು ಪ್ರೀತಿ!" ಶೀತಲ ನಾಚಿ ನಕ್ಲು. "ಆ ಸಾಮಾನಿಗೆ ನೀವು ನಕಲಿ ಮಾಡಿ ಕೊಟ್ರಿ, ಅದಕ್ಕ ಇದು ಆತು."

ನಂದಾ ತಿರುಗಿ ನೋಡಿದ್ಲು. ಬಾಗಲದಾಗ ಶೈಲೇಶ ನಿಂತಿದ್ದ. ಕಿವಿ ಹಂಗ ಕೆಂಪಗಾಗಿದ್ವು.

"ಆರನೇದು ನಿನ್ನ ಕೈಲೆ ಹಚ್ಚು," ಅಂತ ಅಸಲಿ ಹಿಡಿಕಿ ಆಕಿ ಅಂಗೈಯಾಗ ಇಟ್ಟ. ಶೀತಲ ಚಾ ತರಾಕ ಒಳಗ ಹೋದ್ಲು.

"ನಾ ನಿಮ್ಮ ಮ್ಯಾಲ ಜೀವಾ ಇಟ್ಟಿದ್ನಿ ಶೇಟ್ರ," ಅಂದ್ಲು ನಂದಾ. "ನನ್ನ ಸಲುವಾಗಿ ಬಿಚ್ಚತೀರಿ ಅಂತ ತಿಳದಿದ್ನಿ."

ಅಂವ ಅಡಗಿಮನಿ ಕಡೆ ನೋಡಿ ದನಿ ತಗ್ಗಿಸಿದ. "ನಾ ಎಂದರ ಹಂಗ ಅಂದಿದ್ನೇನು?"

"ನಾ ಹಂಗ ತಿಳದೀನಿ ಅಂತ ನಿಮಗ ಗೊತ್ತಿದ್ದಿಲ್ಲೇನು?"

"ಗೊತ್ತಿತ್ತು," ಅಂದ ಶೈಲೇಶ. "ಖರೆ ಹೇಳಿದ್ರ ಉಳದದ್ದು ಮಾಡಿ ಕೊಡತಿದ್ದೇನು?"

ನಂದಾ ಕಪಾಟಿನ ಮುಂದ ಕೂತು ಹತ್ಯಾರ ತಗದ್ಲು. ಎಲ್ಲಾ ಸಡಲಾಗ್ಯಾವ ಅಂತ ಐದೂ ಬಿಚ್ಚಿದ್ಲು. ಅಂವ ಕಿಟಕಿ ಕಡೆ ಮಾರಿ ಮಾಡಿ ಫೋನ್ ನೋಡತಿದ್ದ. ಆಕಿ ಚೀಲದಾಗ ಕೈ ಹಾಕಿದ್ಲು, ತಗದ್ಲು. ಅಂಟು ಬಳದು ಆರೂ ಬಿಗದ್ಲು. ಶೀತಲಂದೇನು ತಪ್ಪಿತ್ತು? ಏನೂ ಇಲ್ಲ. ಆದರ ಅವತ್ತು ನಂದಾಗ ಅದನ್ನ ವಿಚಾರ ಮಾಡೂ ಮನಸಿದ್ದಿಲ್ಲ.

ಹೊಂಡುವಾಗ ಶೀತಲ ಕುಂಕುಮ ಹಚ್ಚಿ, ಅಕ್ಕಿ ತೆಂಗಿನಕಾಯಿ ಹಾಕಿ ಉಡಿ ತುಂಬಿದ್ಲು. "ನಿಮಗೂ ಇಂಥಾವ್ರ ಸಿಗಲಿ ಅಕ್ಕಾರ."

ಶೈಲೇಶ ಅಂಗಳದ ತನಕ ಬಂದ. "ಸಿಟ್ಟ ಬ್ಯಾಡ ನಂದಾ. ಛಲೋ ಹಚ್ಚೀ."

"ಹೌದ್ರಿ. ಆರರಾಗ ಒಂದು ನಂದೈತಿ."

"ಅಂದ್ರ?"

"ನಕಲಿ. ಹಿಂದ ಚಂದ್ರಾಮನ ಗುರ್ತು ಐತಿ, ಬಿಚ್ಚಿದ್ರ ಕಾಣತೈತಿ. ಆದರ ಅಂಟು ಒಣಗಾಕತ್ತೈತಿ. ಬಿಚ್ಚಿದ್ರ ಆಯಿ ಕಪಾಟು ಸೀಳತೈತಿ."

ಅವನ ಕಿವಿ ಬೆಳ್ಳಗಾದ್ವು. "ಯಾವುದು? ನಂದಾ, ಯಾವುದು ಹೇಳು!"

ಒಳಗಿಂದ ಶೀತಲ ಕೂಗಿದ್ಲು. "ಬರ್ರಿ ಇಲ್ಲೆ, ನೋಡ್ರಿ, ಆರೂ ಎಷ್ಟು ಚಂದ ಕಾಣತಾವ!"

ನಂದಾ ತಿರುಗಿ ನೋಡದ ಸ್ಟ್ಯಾಂಡಿಗೆ ನಡದ್ಲು. ಬಸ್ಸಿನಾಗ ಕೂತ ಮ್ಯಾಲ ಗಳಗಳ ಅತ್ಲು, ಮಗ್ಗಲದ ಮುದುಕಿ "ಯಾಕವ್ವಾ?" ಅಂದ್ರ ಸೆರಗಿಲೆ ಮಾರಿ ಒರಸ್ಕೊಂಡ್ಲು. ಉಡಿಯೊಳಗ ಅಕ್ಕಿ, ಕಾಯಿ, ಅದರ ಜೋಡಿ ಆಕಿ ಹಚ್ಚದ ಉಳಿಸ್ಕೊಂಡ ಅಸಲಿ ಹಿಡಿಕಿ. ಅದನ್ನ ಹಚ್ಚೂವಂಥಾ ಸಾಮಾನು ಆಕಿ ಮನ್ಯಾಗ ಒಂದೂ ಇರಲಿಲ್ಲ.