ಹುಲಿಯವ್ವನಿಗೆ ನಗು ಬರದ ಹಾಡು

ಬಹಳ ಹಿಂದೆ, ಹೊಳೆಗಳು ಗುಡ್ಡ ಹತ್ತುತ್ತಿದ್ದ ಕಾಲದಲ್ಲಿ, ಕುಂಕುಮಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಕೂಸು ಮೊದಲ ಸಲ ನಕ್ಕ ದಿನವೇ ನಾಮಕರಣ. ಹಲ್ಲು ಮೂಡುವುದರೊಳಗೆ ನಗದ ಕೂಸು ಹೆಸರಿಲ್ಲದೆ ಮಂಜಾಗಿ ಕರಗಿಹೋಗುತ್ತಿತ್ತು.

ಆ ರಾಜ್ಯಕ್ಕೆ ಗಮಕಮಲ್ಲನೆಂಬ ಹಾಡುಗಾರ ಬಂದ. ತಂಬೂರಿ ಮೀಟುತ್ತಾ ನಗೆಹಾಡು ಹೇಳುತ್ತಿದ್ದ. ಅವನ ಹೋತ ತಾಳ ಹಾಕುತ್ತಿತ್ತು. ರಾಜನಿಂದ ಬಾಗಿಲು ಕಾಯುವವನವರೆಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗಂತೂ ನಗೆಹಾಡು ಅಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹಾಡು ಚೆನ್ನಾಗಿಲ್ಲ ಅಂದರೆ ಇದು ಹಾಸ್ಯ ಅನ್ನುತ್ತಾರೆ, ಹಾಸ್ಯ ಚೆನ್ನಾಗಿಲ್ಲ ಅಂದರೆ ಇದು ಹಾಡು ಅನ್ನುತ್ತಾರೆ.

ಹುಲಿಯವ್ವ ಎಂಬ ಮುದುಕಿಗೂ ಅದೇ ಅನುಮಾನ. ಸಭೆಯಲ್ಲಿ ಬಿದ್ದು ಬಿದ್ದು ನಕ್ಕ ಮಗಳು ಮನೆಗೆ ಬಂದರೆ ಮುಖ ಗಂಟು. ತೊಟ್ಟಿಲಲ್ಲಿದ್ದ ಮೊಮ್ಮಗು ನಗುವ ಮುಖವನ್ನೇ ಕಾಣದೆ ತಾನೂ ನಗಲಿಲ್ಲ. ಒಸಡಲ್ಲಿ ಬಿಳಿ ಕಾಣಿಸಿತು. ಕೂಸಿನ ಪಾದಗಳ ಮೂಲಕ ತೊಟ್ಟಿಲ ಬಟ್ಟೆ ಕಾಣತೊಡಗಿತು. ಮುದುಕಿ ಕೂಸನ್ನೆತ್ತಿಕೊಂಡು, ಗಮಕಮಲ್ಲ ಹಾಡುತ್ತಿದ್ದ ಆಸ್ಥಾನಕ್ಕೆ ನೇರ ನಡೆದಳು.

"ಬುದ್ಧೀ, ಈ ಹಾಡಲ್ಲಿ ನಗೋವಂಥದ್ದು ಏನೈತೆ? ಮೂರು ಸಲ ಪರೀಕ್ಷೆ ಮಾಡ್ತೀನಿ, ಅಪ್ಪಣೆ ಕೊಡಿ."

ಕೂಸಿನ ಪಾದ ಕಂಡ ರಾಜ ಬೆಚ್ಚಿ ಒಪ್ಪಿಕೊಂಡ.

"ಮೊದ್ಲು ರಾಗ ಬಿಟ್ಟು ಬರೀ ಮಾತು ಹೇಳಪ್ಪ," ಎಂದಳು ಹುಲಿಯವ್ವ.

"ಬದನೇಕಾಯಿ ಮಾವ ಬಾವಿಗೆ ಇಣುಕಿದ, ಬಾವಿಯೊಳಗಿನ ಮಾವ ಮೇಲಕ್ಕೆ ಇಣುಕಿದ," ಎಂದ ಗಮಕಮಲ್ಲ. ಒಬ್ಬರೂ ನಗಲಿಲ್ಲ. "ಉಪ್ಪು ಹಾಕದೆ ಸಾರಿನ ರುಚಿ ನೋಡ್ತಾರಾ ಅಜ್ಜೀ?" ಎಂದು ಸಿಡುಕಿದ. ಅದೂ ನ್ಯಾಯವೇ ಎಂದಿತು ಸಭೆ.

"ಈಗ ಮಾತು ಬಿಡು, ತಂತಿ ಮಾತ್ರ ಮೀಟು."

ಮೀಟಿದ. ಸಭೆ ಘೊಳ್ಳೆಂದಿತು. ಮಂತ್ರಿ ಪೀಠದಿಂದ ಉರುಳಿದ. ಹುಲಿಯವ್ವನ ತುಟಿಗೂ ನಗು ಬಂತು. ಸೆರಗು ಕಚ್ಚಿ ತಡೆದಳು. ಮಾತೇ ಇಲ್ಲದಾಗ ಇವರು ನಗುತ್ತಿರುವುದು ಯಾವ ಹಾಸ್ಯಕ್ಕೆ?

"ಇನ್ನು ಮೂರನೇದು. ತಂಬೂರಿ ನನ್ನ ಕೈಗೆ ಕೊಟ್ಟು ಹಾಡು."

ಗಮಕಮಲ್ಲನ ಮುಖ ಬಿಳಿಚಿತು. ಹೋತ ಕೊಂಬು ಬಗ್ಗಿಸಿ ಅಡ್ಡ ಬಂತು. ಹುಲಿಯವ್ವ ಅದರ ಗಡ್ಡ ಹಿಡಿದು ಆಚೆ ತಳ್ಳಿ, ತಂಬೂರಿ ಕಸಿದು ನೆಲಕ್ಕೆ ಬಡಿದಳು. ಒಡೆದ ಬುರುಡೆಯಿಂದ ಊರಿನವರ ನಗುಗಳೆಲ್ಲ ಗುಬ್ಬಿಗಳಾಗಿ ಹಾರಿ ಅವರವರ ಗಂಟಲು ಸೇರಿದವು. ಹೋತ ಹೊಗೆಯಾಗಿ ಹೋಯಿತು.

"ನಾನು ಹಾಡಿದ್ರೆ ಯಾರೂ ನಗ್ತಿರಲಿಲ್ಲ. ಅದಕ್ಕೇ ತಂಬೂರಿಗೆ ಮಂತ್ರ ಹಾಕಿ ನಿಮ್ಮ ನಗು ಕದ್ದೆ," ಎಂದು ಗಮಕಮಲ್ಲ ಕಾಲಿಗೆ ಬಿದ್ದ.

ಆದರೆ ಕೂಸಿನ ಗಂಟಲಿಗೆ ಯಾವ ಗುಬ್ಬಿಯೂ ಬರಲಿಲ್ಲ. ನಗದೇ ಇದ್ದವರ ನಗುವನ್ನು ಯಾರು ತಾನೇ ಕದ್ದಿರುತ್ತಾರೆ? ಕೂಸು ಸೊಂಟದವರೆಗೆ ಮಂಜಾಗಿತ್ತು. ಸಭೆಯವರು ಹಲ್ಲು ಕಿರಿದು ಅದನ್ನು ನಗಿಸಲು ನೋಡಿದರು. ಹೆದರಿದವರ ನಗುವನ್ನು ಕೂಸು ನಂಬಲಿಲ್ಲ.

"ಇವನ ತಲೆ ತೆಗೆಯಿರಿ!" ಎಂದ ರಾಜ.

"ತಡೀರಿ ಬುದ್ಧಿ, ಮೂರನೇ ಪರೀಕ್ಷೆ ಮುಗಿದಿಲ್ಲ. ಹಾಡೋ!"

ಗಮಕಮಲ್ಲ ನಡುಗುತ್ತಾ ಹಾಡಿದ. "ಬದನೇಕಾಯಿ ಮಾ..." ಎನ್ನುವಾಗ ದನಿ ಒಡೆದು ಕೀಚೆಂದಿತು. ನಾಚಿ ಮತ್ತೆ ಶುರುಮಾಡಿದ. ಮತ್ತೆ ಅಲ್ಲೇ ಕೀಚೆಂದಿತು. ಮೂರನೇ ಸಲಕ್ಕೆ ಕೂಸು, ಕೀಚ್ ಬರುವುದಕ್ಕೆ ಮುಂಚೆಯೇ, ಕಿಲಕಿಲ ನಕ್ಕಿತು. ಪಾದಗಳು ಗುಲಾಬಿ ಬಣ್ಣಕ್ಕೆ ತಿರುಗಿದವು. ಗಮಕಮಲ್ಲ ಹಾಡು ನಿಲ್ಲಿಸಿ ಬಿಕ್ಕಿ ಬಿಕ್ಕಿ ಅತ್ತ.

ಕೂಸಿಗೆ ಹೆಸರಾಯಿತು, ಊರಿಗೆಲ್ಲ ಹೋಳಿಗೆಯಾಯಿತು, ಗಮಕಮಲ್ಲನಿಗೆ ಮನೆ ಮನೆಯ ತೊಟ್ಟಿಲ ಬಳಿ ಹಾಡುವ ಕೆಲಸವಾಯಿತು. ಎಲ್ಲರೂ ಸುಖವಾಗಿದ್ದರು. ಹುಲಿಯವ್ವ ಮಾತ್ರ ಆಗಾಗ ಮೊಮ್ಮಗಳನ್ನು ಮೂಲೆಗೆ ಕರೆದು ಕೇಳುತ್ತಿದ್ದಳು: "ನಿಜ ಹೇಳೇ ಚಿನ್ನ, ಅದರಲ್ಲಿ ನಗೋಕೆ ಏನಿತ್ತು?"